ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಂದ ಕಲಿತದ್ದು



ಕೃಷ್ಣರಾಜಪುರದ ಸುತ್ತಿನ ನಮ್ಮ ಹಳ್ಳಿಗಳಿಂದ ಹದಿನೆಂಟು ಮಂದಿ ರೈತರು ಕಳೆದ ಮಾಘ ಮಾಸದಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂದೆವು. ಅವರಲ್ಲಿ ಐವರು ಹೆಣ್ಣುಮಕ್ಕಳು. ರೈತರ ಪ್ರವಾಸವೆಂದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯಕ್ಕೋ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಕ್ಕೋ ಹೋಗುವುದು ವಾಡಿಕೆ. ಈ ಸಾರಿ ಕಾಡಿಗೇಕೆ ಎಂದು ಹೊರಡುವ ಮುಂಚೆ ಹಲವರು ಕೇಳಿದರು. ಕಾರಣ ಬದನಿಕೆ.

ನಮ್ಮ ಕಡೆಯ ಹಳೆಯ ಮಾವಿನ ಮರಗಳನ್ನು ತಾವು ನೋಡಿಯೇ ಇದ್ದೀರಿ. ಮರದ ಎಲೆ ಬೇರೆ, ನಡುವೆ ಗೊಂಚಲು ಗೊಂಚಲಾಗಿ ಬೆಳೆದಿರುವ ಎಲೆ ಬೇರೆ. ಆ ಪರಾವಲಂಬಿ ಗಿಡವೇ ಬದನಿಕೆ. ಬಿದರಹಳ್ಳಿ ಕಡೆಯ ರೈತರೊಬ್ಬರು, ಅಜ್ಜನ ಕಾಲದ ನಾಲ್ಕು ಮರ ಹೀಗೆ ಒಣಗುತ್ತಿವೆ, ಏನು ಮಾಡಬೇಕು ಎಂದು ನನ್ನನ್ನು ಕೇಳಿದರು. ಡಿಪ್ಲೊಮಾದಲ್ಲಿ ಓದಿದ್ದನ್ನು ಹೇಳಿದೆ. ಅವರು ತಲೆ ಅಲ್ಲಾಡಿಸಿ, "ಅದನ್ನ ನಮ್ಮಪ್ಪನೂ ಮಾಡ್ತಿದ್ದ, ಮತ್ತೆ ಬರ್ತದೆ" ಎಂದರು. ಬಿಳಿಗಿರಿಯ ಸೋಲಿಗರು ನೆಲ್ಲಿಮರಕ್ಕೆ ಹಿಡಿಯುವ ಇಂಥದೇ ಬದನಿಕೆಯನ್ನು ತಮ್ಮದೇ ರೀತಿಯಲ್ಲಿ ಹತೋಟಿಯಲ್ಲಿ ಇಟ್ಟಿದ್ದರು ಎಂದು ಎಲ್ಲೋ ಓದಿದ ನೆನಪಿತ್ತು. ಓದಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದಕ್ಕಿಂತ ಹೋಗಿ ಕೇಳುವುದೇ ಮೇಲು ಎನಿಸಿತು.

ನಸುಕಿನ ನಾಲ್ಕು ಗಂಟೆಗೆ ಕೆ.ಆರ್. ಪುರದಿಂದ ವ್ಯಾನು ಹೊರಟಿತು. ಹಲಸೂರು ದಾಟುವಾಗ ಕೆರೆಯ ಮೇಲೆ ಇನ್ನೂ ಮಂಜಿತ್ತು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು. ಅಲ್ಲಿಂದ ಬೆಟ್ಟ ಹತ್ತಬೇಕು. ಒಟ್ಟು 180 ಕಿಲೋಮೀಟರಿನಷ್ಟು ದಾರಿ. ಈ ಬೆಟ್ಟಸಾಲು ಸುಮಾರು 600 ಮೀಟರಿನಿಂದ 1800 ಮೀಟರ್ ಎತ್ತರದವರೆಗೆ ಏರುತ್ತದೆ. ಕೆಳಗೆ ಕುರುಚಲು ಮುಳ್ಳುಕಾಡು, ನಡುವೆ ಬೇಸಗೆಯಲ್ಲಿ ಎಲೆ ಉದುರಿಸುವ ಕಾಡು, ಮೇಲೆ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ವರ್ಷವೆಲ್ಲಾ ಹಸಿರಾಗಿರುವ ಶೋಲೆ ಕಾಡು. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವಿನ ಸೇತುವೆಯೆಂದು ತಿಳಿದವರು ಇದನ್ನು ಕರೆಯುತ್ತಾರೆ. ಒಂದು ತಾಸು ಹತ್ತುವುದರೊಳಗೆ ಬಯಲುಸೀಮೆಯಿಂದ ಮಲೆನಾಡಿಗೆ ಹೋದಂತೆ ಆಗುತ್ತದೆ. ಪ್ರವಾಸಿಗಳು ನೋಡಲು ಬರುವುದು ಆನೆ, ಹುಲಿ, ರಂಗನಾಥಸ್ವಾಮಿ ದೇವಸ್ಥಾನ. ನಾವು ನೋಡಲು ಬಂದದ್ದು ಮನುಷ್ಯರನ್ನು.

ಸೋಲಿಗರು ಈ ಕಾಡಿನ ಮೂಲ ನಿವಾಸಿಗಳು. ಬಿದಿರಿನಿಂದ ಬಂದವರು ತಾವು ಎನ್ನುತ್ತಾರೆ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಮೊದಲ ಅರ್ಧ ಗಂಟೆ ಕಿವಿಗೊಟ್ಟರೆ ಮುಂದೆ ಅರ್ಥವಾಗುತ್ತದೆ. ಅವರ ಹಾಡಿಗಳಿಗೆ ಪೋಡು ಎಂದು ಹೆಸರು. ಬೆಟ್ಟದ ಬಿಳಿ ಬಂಡೆಯ ಮೇಲಿರುವ ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆ ಇರುವುದರಿಂದ, ದೇವರನ್ನೇ ಭಾವ ಎಂದು ಕರೆಯುವ ಸಲಿಗೆ ಅವರದು.

ನಮಗೆ ದಾರಿ ತೋರಿಸಿದವರು ಎಪ್ಪತ್ತು ದಾಟಿದ ಒಬ್ಬ ಯಜಮಾನರು, ಮತ್ತು ಅವರ ತಂಗಿಯ ಮಗಳು. ಕಾಡಿನೊಳಗೆ ಕಾಲಿಡುವ ಮುಂಚೆ ಯಜಮಾನರು ಒಂದೇ ಒಂದು ಷರತ್ತು ಹಾಕಿದರು: ಮಾತು ಕಡಿಮೆ. "ನೀವು ಮಾತಾಡ್ತಾ ಇದ್ರೆ ಕಾಡು ಮಾತಾಡೋದಿಲ್ಲ ಕನಪ್ಪ." ನಮ್ಮಲ್ಲಿ ಕೆಲವರಿಗೆ ಇದನ್ನು ಪಾಲಿಸುವುದು ಕಷ್ಟವಾಯಿತು.

ಮೊದಲು ದೊಡ್ಡ ಸಂಪಿಗೆಯ ಕಡೆಗೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಭಾರ್ಗವಿ ಹೊಳೆಯ ಮಗ್ಗುಲಲ್ಲಿ ನಿಂತಿರುವ ಈ ಮರ ಎಷ್ಟು ಹಳೆಯದೆಂಬುದಕ್ಕೆ ನೂರಾರು ವರ್ಷಗಳ ಲೆಕ್ಕಗಳು ಉಂಟು. ಬುಡದಲ್ಲಿ ಕಲ್ಲುಗಳ ಸಾಲು, ಕೆಲವು ತ್ರಿಶೂಲಗಳು. ಗೋಪುರವಿಲ್ಲ, ಬಾಗಿಲಿಲ್ಲ, ಹುಂಡಿಯೂ ಇಲ್ಲ. ಚಪ್ಪಲಿ ದೂರದಲ್ಲೇ ಬಿಟ್ಟು ನಿಂತೆವು. ನಮ್ಮೊಡನೆ ಬಂದಿದ್ದ ವರ್ತೂರು ಕಡೆಯ ಹಿರಿಯರೊಬ್ಬರು ಕೈಮುಗಿದು, ತಮ್ಮ ಊರಿನ ಗುಂಡುತೋಪು ಕಡಿದ ದಿನವನ್ನು ನೆನೆಸಿಕೊಂಡರು.

ಸೋಲಿಗರ ಲೆಕ್ಕದಲ್ಲಿ ಇಡೀ ಕಾಡು ಕುಲಕುಲಕ್ಕೆ ಹಂಚಿದೆ. ಒಂದೊಂದು ಕುಲದ ಪಾಲಿಗೆ ಒಂದು ಯೆಲ್ಲೆ. ನಮ್ಮ ಊರಿನ ಎಲ್ಲೆಯಿದ್ದಂತೆ. ಪ್ರತಿ ಯೆಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರ, ನೀರಿನ ಅಬ್ಬಿ, ಸತ್ತವರ ಕಲ್ಲುಗುಡಿ ಇರಬೇಕು. ಈ ಐದೂ ಇದ್ದರೆ ಅದು ಪೂರ್ಣ. ಗಮನಿಸಿ: ಹರಿಯುವ ನೀರೂ ದೇವಸ್ಥಾನದ ಪಟ್ಟಿಯಲ್ಲಿ ಸೇರಿದೆ. ಗಡಿಕಲ್ಲು, ಊರಮ್ಮನ ಗುಡಿ, ಕೆರೆ, ತೋಪು, ಸ್ಮಶಾನ ಇದ್ದರೇ ಊರು ಎಂಬ ನಮ್ಮ ಹಿರಿಯರ ಲೆಕ್ಕಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಸೋಲಿಗರ ಹಿರಿಯರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಕಾಡು ನಡೆದು ಈ ಸ್ಥಳಗಳನ್ನೆಲ್ಲಾ ನಕ್ಷೆಗೆ ತಂದಿದ್ದಾರೆ. ಅದೇ ಸಂಸ್ಥೆಯವರು 2022ರಲ್ಲಿ ಹೊಸದಾಗಿ ಕಂಡ ಒಂದು ಕಣಜದ ಕುಲಕ್ಕೆ ಸೋಲಿಗ ಎಂದೇ ಹೆಸರಿಟ್ಟರು.

ಹೊಳೆದಂಡೆಯಲ್ಲಿ ಯಜಮಾನರ ತಂಗಿಯ ಮಗಳು ಒಂದು ಬಳ್ಳಿಯನ್ನು ಹಿಡಿದು ಅದರ ಬುಡ ಹುಡುಕಿ ಅಗೆದರು. ನೂರೆ ಗೆಣಸು. ಗೆಡ್ಡೆಯನ್ನು ತೆಗೆದುಕೊಂಡು, ಬಳ್ಳಿಯ ತಲೆಭಾಗವನ್ನು ಅಂಗೈಯಷ್ಟು ಗೆಡ್ಡೆ ಸಮೇತ ಕುಯ್ದು, ಅದೇ ಗುಂಡಿಯಲ್ಲಿ ಇಟ್ಟು ಮಣ್ಣು ಮುಚ್ಚಿ ಕಾಲಿನಿಂದ ಒತ್ತಿದರು. ಮಂಡೂರಿನಿಂದ ಬಂದಿದ್ದ ಹೆಣ್ಣುಮಗಳು, "ಅಕ್ಕಾ, ಹಂಗಾದ್ರೆ ಇದು ಕಾಡಲ್ಲ, ನಿಮ್ಮ ತೋಟ!" ಎಂದರು. ಇಬ್ಬರೂ ನಕ್ಕರು. ನನಗೆ ಇದು ನಗುವ ಮಾತಾಗಿ ಕಾಣಲಿಲ್ಲ. ನೆಟ್ಟಿದ್ದು ಯಾವುದು, ತಾನಾಗಿ ಬೆಳೆದದ್ದು ಯಾವುದು ಎಂದು ನಾವು ಓದಿನಲ್ಲಿ ಎಳೆದುಕೊಂಡ ಗೆರೆ ಅಲ್ಲಿ ಅಳಿಸಿಹೋಗಿತ್ತು.

ಜೇನಿನ ವಿಷಯವೂ ಹಾಗೆಯೇ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂಬ ನಾಲ್ಕನ್ನೂ ಅವರು ಬೇರೆಬೇರೆಯಾಗಿ ಬಲ್ಲರು. ಯಾವ ಮರ ಹೂವಾದಾಗ ಯಾವುದು ಎಲ್ಲಿ ಕಟ್ಟುತ್ತದೆಂಬುದನ್ನೂ ಬಲ್ಲರು. ಹೆಜ್ಜೇನನ್ನು ಬೇಸಗೆಯ ಕೊನೆಯಲ್ಲಿ, ರಾತ್ರಿಯ ಹೊತ್ತು, ಹೊಗೆ ಹಾಕಿ ಇಳಿಸುತ್ತಾರೆ. ತಟ್ಟಿಯನ್ನು ಪೂರ್ತಿ ಕೀಳುವುದಿಲ್ಲ. ಮರ ಹತ್ತಲಾರದ ಹುಲಿಗೂ ಒಂದು ತುಂಡು ನೆಲದ ಮೇಲೆ ಬಿಡಬೇಕು ಎಂದು ಯಜಮಾನರು ಹೇಳಿದರು. ಹುಲಿ ಜೇನು ತಿನ್ನುತ್ತದೆಯೇ ಎಂದು ನಮ್ಮವರಲ್ಲಿ ಒಬ್ಬರು ಕೇಳಿದ್ದಕ್ಕೆ, ಅವರು ಉತ್ತರ ಕೊಡದೆ ಮುಂದೆ ನಡೆದರು.

ಮಧ್ಯಾಹ್ನ, ಕಾಡಿನ ಅಂಚಿನಲ್ಲಿದ್ದ ಒಂದು ನೆಲ್ಲಿಮರದ ಕೆಳಗೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಬಿಚ್ಚಿ ಕುಳಿತೆವು. ನಾವು ಬಂದ ಕೆಲಸ ತಲೆಯ ಮೇಲೆಯೇ ತೂಗುತ್ತಿತ್ತು. ಮರದ ಅರ್ಧಕ್ಕೆ ಬದನಿಕೆ ಹಿಡಿದಿತ್ತು.

"ಇದಕ್ಕೆ ನಾವು ಉಪ್ಪಿಲು ಅಂತೀವಿ" ಎಂದರು ಯಜಮಾನರು. "ನನ್ನ ಪ್ರಾಯದಲ್ಲಿ ಇಷ್ಟು ಇರಲಿಲ್ಲ. ತರಗು ಬೆಂಕಿ ನಿಂತ ಮೇಲೆ ಇದು ಏರಿತು."

ಕಾಡಿಗೆ ಬೆಂಕಿ ಹಾಕುವುದೇ! ನಮ್ಮವರ ಮುಖದಲ್ಲಿ ಆಶ್ಚರ್ಯ. ಬಿದರಹಳ್ಳಿಯ ರೈತರು ಕೇಳಿಯೇಬಿಟ್ಟರು: "ಯಜಮಾನ್ರೇ, ಬೆಂಕಿ ಹಾಕಿದ್ರೆ ಕಾಡು ಉಳೀತದಾ?"

ಆಗ ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ತರಗು ಎಂದರೆ ಉದುರಿದ ಒಣ ಎಲೆ. ಪುಷ್ಯ-ಮಾಘದಲ್ಲಿ, ಎಲೆ ಈಗಷ್ಟೇ ಉದುರಿರುವಾಗ, ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುವಾಗ, ಬೆಳಗಿನ ಇಬ್ಬನಿ ಬೀಳುವ ದಿನಗಳಲ್ಲಿ ಅಲ್ಲಲ್ಲಿ ಸಣ್ಣಗೆ ಬೆಂಕಿ ಇಡುತ್ತಿದ್ದರು. ಅದು ಮೊಣಕಾಲಿನ ಮೇಲೆ ಏಳುವುದಿಲ್ಲ. "ಉರಿಯೋ ಬೆಂಕಿಯಲ್ಲ ಕನಪ್ಪ, ತೆವಳೋ ಬೆಂಕಿ." ತರಗನ್ನು ತಿಂದು, ಕಳೆಯ ಸಸಿಗಳನ್ನು ಸುಟ್ಟು, ಹಸಿ ನೆಲ ಸಿಕ್ಕಿದ ಕಡೆ ತಾನೇ ಆರಿಹೋಗುತ್ತಿತ್ತು. ದೊಡ್ಡ ಮರದ ತೊಗಟೆಗೆ ಪೆಟ್ಟಿಲ್ಲ. ಅದರ ಕಾವು ಮತ್ತು ಹೊಗೆ ತಾಗಿ ಕೊಂಬೆಯ ಮೇಲಿನ ಎಳೆಯ ಉಪ್ಪಿಲು ಸಾಯುತ್ತಿತ್ತು. ಮಳೆ ಬಿದ್ದ ಮೇಲೆ ಚಿಗುರುವ ಹುಲ್ಲಿಗೆ ಕಡವೆ, ಜಿಂಕೆ ಬರುತ್ತಿದ್ದವು. ಮುಖ್ಯವಾಗಿ, ತರಗು ಮೊದಲೇ ತೀರಿರುತ್ತಿದ್ದುದರಿಂದ ಚೈತ್ರದ ಬಿರುಬಿಸಿಲಿನಲ್ಲಿ ದೊಡ್ಡ ಕಿಚ್ಚು ಹಬ್ಬಲು ಮೇವೇ ಇರುತ್ತಿರಲಿಲ್ಲ.

ಈ ಬೆಂಕಿ ನಿಂತದ್ದು ಹೇಗೆ? 1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾಯಿತು. 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿದರು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ಬೆಂಕಿ ಅಪರಾಧವಾಯಿತು. ಒಳಗಿನ ಪೋಡುಗಳವರನ್ನು ರಸ್ತೆಯ ಬದಿಗೆ ತಂದು ನೆಲೆಗೊಳಿಸಿದರು. ಬೇಟೆ ನಿಂತದ್ದು ಪ್ರಾಣಿಗಳಿಗೆ ಒಳ್ಳೆಯದಾಯಿತು. ಇದನ್ನು ಯಜಮಾನರೂ ಅಲ್ಲಗಳೆಯಲಿಲ್ಲ. ಆದರೆ ಒಳ್ಳೆಯದರ ಜೊತೆಗೆ ಲಾಂಟಾನವೂ ಬಂದಿತು.

ಲಾಂಟಾನ ತಮಗೆ ಹೊಸದಲ್ಲ. ಹಳದಿ-ಕೆಂಪು ಬಣ್ಣದ ಗೊಂಚಲು ಹೂವು, ಉಜ್ಜಿದರೆ ಘಾಟು ವಾಸನೆಯ ಒರಟು ಎಲೆ. ಅಮೆರಿಕ ಖಂಡದ ಈ ಗಿಡವನ್ನು ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲಿಷರು ಹೂದೋಟಕ್ಕೆಂದು ನಮ್ಮ ದೇಶಕ್ಕೆ ತಂದರು. ದಂಡಿನ ಬಂಗಲೆಗಳ ಬೇಲಿಗೆ ಇದೇ ಗಿಡವಿರುತ್ತಿತ್ತೆಂದು ಹಲಸೂರಿನ ಹಿರಿಯರೊಬ್ಬರು ನನಗೆ ಹೇಳಿದ್ದುಂಟು. ಬೇಲಿಯಿಂದ ಹಕ್ಕಿಯ ಹೊಟ್ಟೆಗೆ, ಹಕ್ಕಿಯ ಹೊಟ್ಟೆಯಿಂದ ಕಾಡಿಗೆ. ಬಿಳಿಗಿರಿ ಕಾಡಿನಲ್ಲಿ ಸಂಶೋಧಕರು ಗುರುತು ಮಾಡಿಕೊಂಡು ಅಳೆದ ತುಣುಕುಗಳಲ್ಲಿ, 1997ರಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಕಡೆ ಲಾಂಟಾನ ಇತ್ತು. 2008ರಲ್ಲಿ ಅವೇ ತುಣುಕುಗಳನ್ನು ಅಳೆದಾಗ ಹತ್ತರಲ್ಲಿ ಎಂಟು ಕಡೆ ಇತ್ತು. ಅದರ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ನೆಲ್ಲಿಯ ಸಸಿ ಏಳುವುದಿಲ್ಲ. ಆಳೆತ್ತರದ ಪೊದೆಯೊಳಗೆ ಎದುರಿಗೆ ಆನೆ ನಿಂತಿದ್ದರೂ ಕಾಣುವುದಿಲ್ಲ.

ಬೆಂಕಿ ನಿಂತದ್ದರಿಂದಲೇ ಲಾಂಟಾನ ಹಬ್ಬಿತೇ? ಸೋಲಿಗರ ಹಿರಿಯರು ಹೌದು ಎನ್ನುತ್ತಾರೆ. ಸಂಶೋಧಕರು ಅವರ ಮಾತನ್ನು ಬರೆದುಕೊಂಡು, ತಮ್ಮ ಅಳತೆಯೊಡನೆ ಹೋಲಿಸಿ, ಇದನ್ನು ಗಂಭೀರವಾಗಿ ಪರಿಶೀಲಿಸಬೇಕಾದ ಕಾರಣವೆಂದು ಒಪ್ಪಿದ್ದಾರೆ. ಇಲ್ಲಿ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಈಗ ಹಳೆಯ ತರಗು ಬೆಂಕಿಯನ್ನು ಹಾಗೆಯೇ ಮತ್ತೆ ಹಾಕಿದರೆ ಕಾಡು ಸರಿಹೋಗುವುದೆಂದು ಯಾರೂ ತಿಳಿಯಬಾರದು. ಒಣ ಲಾಂಟಾನ ಏಣಿಯಿದ್ದಂತೆ. ನೆಲದ ಬೆಂಕಿ ಅದನ್ನು ಹಿಡಿದು ಮರದ ತಲೆಗೆ ಏರುತ್ತದೆ. ಮೊದಲು ಲಾಂಟಾನ ಕೀಳಬೇಕು, ಬೆಂಕಿಯ ಮಾತು ಆಮೇಲೆ. ಇದನ್ನು ಹೇಳಿದವರೂ ಯಜಮಾನರೇ. ಕಾಡಿಗೆ ಬೆಂಕಿ ಇಡುವುದು ಇಂದಿಗೂ ಶಿಕ್ಷಾರ್ಹ ಅಪರಾಧ. ನಮ್ಮ ಗೋಮಾಳದ ಹುಲ್ಲಿಗೆ, ಕೆರೆಯಂಗಳದ ಜೊಂಡಿಗೆ ಬೆಂಕಿ ಇಡುವವರು ಈ ಲೇಖನವನ್ನು ತಮ್ಮ ಪರವಾದ ಸಾಕ್ಷಿಯಾಗಿ ತೋರಿಸಬಾರದೆಂದು ವಿನಂತಿ.

ಕಾಡಿನ ಮೇಲಿನ ಹಕ್ಕಿನ ಕಥೆಯನ್ನೂ ತಿಳಿದುಕೊಳ್ಳಬೇಕು. ಸೋಲಿಗರು ಜೇನು, ನೆಲ್ಲಿ, ಅಂಟುವಾಳ, ಸೀಗೆಗಳನ್ನು ಲ್ಯಾಂಪ್ಸ್ ಎಂಬ ಸಹಕಾರ ಸಂಘಕ್ಕೆ ಕೊಟ್ಟು ಜೀವನ ಮಾಡುತ್ತಿದ್ದರು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ, ಮಾರಾಟಕ್ಕಾಗಿ ಸಂಗ್ರಹಿಸುವುದು ನಿಷಿದ್ಧವಾಯಿತು. ಮನೆಮನೆಯ ಆದಾಯಕ್ಕೆ ಪೆಟ್ಟು ಬಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಗ್ರಾಮಸಭೆಗಳು ಅರ್ಜಿ ಹಾಕಿದವು. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ, ತಮ್ಮ ಪೂಜಾಸ್ಥಳಗಳಿಗೆ ಹೋಗುವ ಹಕ್ಕು ಅದರಲ್ಲಿ ಸೇರಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ ಸೋಲಿಗ ಮಕ್ಕಳು ಕಾಗದಪತ್ರ ಓದಿ ಅರ್ಥ ಹೇಳುವವರಾಗಿ ಬೆಳೆದದ್ದು ಇಂಥ ಕೆಲಸಕ್ಕೆಲ್ಲಾ ಒದಗಿತು.

ಇದು ನಮ್ಮ ನಾಡಿನದು ಮಾತ್ರವಲ್ಲ. ಆಸ್ಟ್ರೇಲಿಯಾ ದೇಶದ ಈಶಾನ್ಯದಲ್ಲಿ ಡೇನ್‌ಟ್ರೀ ಎಂಬ ಬಹು ಪುರಾತನ ಮಳೆಕಾಡು ಇದೆ. ಅಲ್ಲಿನ ಮೂಲನಿವಾಸಿಗಳಾದ ಕುಕು ಯಲಂಜಿ ಜನರು ಮಾಸ್‌ಮನ್ ಕಮರಿಯಲ್ಲಿ ಯಾತ್ರಿಕರನ್ನು ಕಾಡಿನೊಳಗೆ ಕರೆದೊಯ್ದು, ಗಿಡಮರಗಳ ಉಪಯೋಗ ತಿಳಿಸಿಕೊಡುತ್ತಾರೆ. ಮೊದಲು ಎಲೆಗಳ ಹೊಗೆಯ ನಡುವೆ ಹಾಯಿಸಿ ಶುದ್ಧಿ ಮಾಡಿ, ಆಮೇಲೆ ಒಳಗೆ ಬಿಡುವುದು ಅವರ ಪದ್ಧತಿ. 2021ರಲ್ಲಿ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನವನ್ನೇ ಸರ್ಕಾರ ಆ ಜನರಿಗೆ ಹಿಂದಿರುಗಿಸಿತು. ಆ ದೇಶದ ಒಣ ಕಾಡುಗಳಲ್ಲಿಯೂ ಮೂಲನಿವಾಸಿಗಳು ತಂಪು ಕಾಲದಲ್ಲಿ ಸಣ್ಣ ಬೆಂಕಿ ಇಡುತ್ತಿದ್ದರು. ಬಿಳಿಯರು ಅದನ್ನು ನಿಲ್ಲಿಸಿದರು. 2019-20ರ ಬೇಸಗೆಯಲ್ಲಿ ಅಲ್ಲಿ ಭಾರಿ ಕಾಡ್ಗಿಚ್ಚು ಎದ್ದ ಮೇಲೆ, ಆ ಹಳೆಯ ವಿದ್ಯೆಯನ್ನು ಬಲ್ಲ ಮುದುಕರನ್ನು ಹುಡುಕಿಕೊಂಡು ಹೋಗುವವರು ಹೆಚ್ಚಾದರು.

ಇಲ್ಲಿ ಅಂಥವರು ಎಷ್ಟು ಮಂದಿ ಉಳಿದಿದ್ದಾರೆ? ಯಜಮಾನರ ಲೆಕ್ಕ ಸರಳವಾಗಿತ್ತು. 1974ರಲ್ಲಿ ತಾವು ಪ್ರಾಯದ ಹುಡುಗ. ಅಪ್ಪನ ಹಿಂದೆ ಕೊಳ್ಳಿ ಹಿಡಿದು ನಡೆದವರು. ತಮ್ಮ ಮಗ ತರಗು ಬೆಂಕಿಯ ಹೆಸರು ಕೇಳಿದ್ದಾನೆ. ಮೊಮ್ಮಗ ಹೆಸರೂ ಕೇಳಿಲ್ಲ; ಚಾಮರಾಜನಗರದಲ್ಲಿ ಮೊಬೈಲ್ ಅಂಗಡಿಯಲ್ಲಿ ಇದ್ದಾನೆ. "ಯಾವ ದಿನ ಹಾಕಬೇಕು ಅನ್ನೋದನ್ನ ಬಾಯಲ್ಲಿ ಹೇಳಕ್ಕಾಗಲ್ಲ. ಹುಲ್ಲು ಮುರಿದು ನೋಡಬೇಕು" ಎಂದು ಹೇಳಿ, ಪಕ್ಕದ ಒಂದು ಹುಲ್ಲಿನ ಕಡ್ಡಿ ಕಿತ್ತು, ಬೆರಳಲ್ಲಿ ಮುರಿದು, ನಮ್ಮ ಬಿದರಹಳ್ಳಿಯ ರೈತರ ಕೈಗೆ ಕೊಟ್ಟರು. ಅವರು ಅದನ್ನು ಜೇಬಿನಲ್ಲಿ ಇಟ್ಟುಕೊಂಡರು.

ಇನ್ನು ನಮ್ಮ ಮಾವಿನ ಮರದ ವಿಷಯ. ಬೆಂಕಿಯಿಲ್ಲದೆ ಬದನಿಕೆಗೆ ಏನು ಉಪಾಯವೆಂದು ಕೇಳಿದಾಗ, ಯಜಮಾನರೂ ನನ್ನ ಪುಸ್ತಕವೂ ಒಂದೇ ಮಾತು ಹೇಳಿದವು: ಕತ್ತರಿಸುವುದು. ತಪ್ಪಿದ್ದು ನಾವು ಕತ್ತರಿಸುವ ಜಾಗದಲ್ಲಿ. ಬದನಿಕೆಯ ಎಲೆ, ಕಡ್ಡಿಗಳನ್ನು ಎಳೆದು ಮುರಿದರೆ ಪ್ರಯೋಜನವಿಲ್ಲ. ಅದರ ಬೇರು ಮರದ ಕೊಂಬೆಯ ಒಳಗಿದ್ದು ಮತ್ತೆ ಚಿಗುರುತ್ತದೆ. ಅದು ಅಂಟಿರುವ ಗಂಟಿನಿಂದ ಬುಡದ ಕಡೆಗೆ ಒಂದು ಗೇಣಿನಷ್ಟು ಬಿಟ್ಟು, ಕೊಂಬೆಯನ್ನೇ ಗರಗಸದಿಂದ ಕುಯ್ಯಬೇಕು. ದಪ್ಪ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊರೆದು ಆಮೇಲೆ ಮೇಲಿನಿಂದ ಕುಯ್ದರೆ ತೊಗಟೆ ಸಿಗಿಯುವುದಿಲ್ಲ. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಬದನಿಕೆ ಹಣ್ಣಾಗುವ ಮುಂಚೆಯೇ ಇದು ಮುಗಿಯಬೇಕು. ಅದರ ಹಣ್ಣಿನ ಬೀಜ ಅಂಟು. ತಿಂದ ಹಕ್ಕಿ ಬೀಜವನ್ನು ಕೊಂಬೆಗೆ ಒರೆಸಿಹೋಗುತ್ತದೆ. ಆ ಪುಟ್ಟ ಹಕ್ಕಿಗೂ ನಮ್ಮ ಜನ ಬದನಿಕೆ ಎಂದೇ ಹೆಸರಿಟ್ಟಿದ್ದಾರೆ. ಒಬ್ಬರ ಮರ ಶುದ್ಧವಾಗಿ ಪಕ್ಕದವರ ಮರ ಹಾಗೆಯೇ ಇದ್ದರೆ ಮುಂದಿನ ವರ್ಷ ಮತ್ತೆ ಅದೇ ಕಥೆ. "ಮತ್ತೆ ಬರ್ತದೆ" ಎಂದು ಬಿದರಹಳ್ಳಿಯ ರೈತರು ಹೇಳಿದ್ದರ ಗುಟ್ಟು ಇಷ್ಟೇ. ಈಗ ಅವರ ಸಾಲಿನ ಆರು ತೋಟದವರು ಒಂದೇ ವಾರದಲ್ಲಿ ಕುಯ್ಯುವುದೆಂದು ಒಪ್ಪಿದ್ದಾರೆ.

ಬದುವಿನ ಮೇಲಿನ ಲಾಂಟಾನಕ್ಕೂ ಇದೇ ಬಗೆಯ ಎಚ್ಚರ ಬೇಕು. ನೆಲಮಟ್ಟಕ್ಕೆ ಕಡಿದರೆ ಎರಡರಷ್ಟು ಚಿಗುರುತ್ತದೆ. ಗುದ್ದಲಿಯಿಂದ ಮಣ್ಣು ಸರಿಸಿ, ಮೂರು-ನಾಲ್ಕು ಅಂಗುಲ ಕೆಳಗೆ, ಕಾಂಡ ಬೇರಿಗೆ ಸೇರುವ ಗಂಟಿನ ಅಡಿಯಲ್ಲಿ ತಾಯಿಬೇರನ್ನು ಕಡಿಯಬೇಕು. ಕಿತ್ತ ಗಿಡವನ್ನು ಬೇರು ಮೇಲಾಗಿ ತಲೆಕೆಳಗಿಟ್ಟು ಒಣಗಿಸಬೇಕು. ಕಾಯಿ ಕಟ್ಟುವ ಮುಂಚೆ ಕೀಳುವುದು ಒಳ್ಳೆಯದು. ಜಾಗವನ್ನು ಬರಿದಾಗಿ ಬಿಡದೆ ಮೇವಿನ ಹುಲ್ಲನ್ನೋ ಹೊಂಗೆಯನ್ನೋ ಹಾಕಿ, ಮಳೆಯ ನಂತರ ಬಂದು ಮತ್ತೆ ಹುಟ್ಟಿದ ಸಸಿಗಳನ್ನು ಕೈಯಿಂದ ಕಿತ್ತುಹಾಕಿ. ಇದರ ಎಲೆ ದನಗಳಿಗೆ ವಿಷ. ಮೇವಿನ ಅಭಾವದ ದಿನಗಳಲ್ಲಿ ಹಸಿದ ಕರುಗಳು ಬಾಯಿ ಹಾಕದಂತೆ ನೋಡಿಕೊಳ್ಳಿ.

ಇಂಥ ಪ್ರವಾಸಕ್ಕೆ ಮುಂದಿನ ವರ್ಷ ಬರಬೇಕೆಂದಿರುವವರು ಸುಗ್ಗಿ ಮುಗಿಯುವುದರೊಳಗೆ ನನಗೆ ಹೆಸರು ಕೊಡಿ. ಬೆಟ್ಟದ ಮೇಲೆ ರಾತ್ರಿ ಚಳಿ ಹೆಚ್ಚು, ಕಂಬಳಿ ತನ್ನಿ. ಬಿಳಿ ಬಟ್ಟೆ ಬೇಡ. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಅರಣ್ಯದ ತಪಾಸಣೆ ಗೇಟಿನಲ್ಲಿ ನಮ್ಮವರಿಂದ ಏಳು ಪೊಟ್ಟಣ ತೆಗೆದಿರಿಸಿಕೊಂಡರು.